ಪದ ಪರಿಚಯ: ಪೊಟ್ಯಾಷಿಯಂ ಪಥ್ಯ

ಕಿಡ್ನಿ ತೊಂದರೆ ಇರುವ ಅಜ್ಜನಿಗೋ ಅಜ್ಜಿಗೋ ರಕ್ತ ಪರೀಕ್ಷೆ ಮಾಡಿಸಿದರೆ, ಮನೆಯವರ ಕಣ್ಣು ಮೊದಲು ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ಹೇಳುವ ಕ್ರಿಯಾಟಿನಿನ್ ಮೇಲೆ ಬೀಳುತ್ತದೆ. ಅದರ ಜೊತೆಗೇ ನೋಡಬೇಕಾದ ಇನ್ನೊಂದು ಅಂಕಿ ಪೊಟ್ಯಾಷಿಯಂ. ಸಾಮಾನ್ಯವಾಗಿ ಅದು 3.5ರಿಂದ 5ರೊಳಗೆ (ರಿಪೋರ್ಟಿನಲ್ಲಿ mEq/L ಇಲ್ಲವೇ mmol/L ಅಂತ ಇರುತ್ತದೆ) ಇರಬೇಕು. ಅದು ಏರುತ್ತಾ 5.5ರ ಹತ್ತಿರ ಬಂದರೆ ಡಾಕ್ಟರು ಊಟ ಬದಲಿಸಲು ಹೇಳುತ್ತಾರೆ. ಆ ಬದಲಿಸಿದ ಊಟವೇ ಪೊಟ್ಯಾಷಿಯಂ ಪಥ್ಯ.

ಪೊಟ್ಯಾಷಿಯಂ ವಿಷವೇನಲ್ಲ. ಸೊಪ್ಪು, ಕಾಳು, ಹಣ್ಣು, ಗೆಡ್ಡೆ ಎಲ್ಲದರಲ್ಲೂ ಇರುತ್ತದೆ. ಸ್ನಾಯುಗಳಿಗೆ, ಹೃದಯ ಬಡಿಯುವುದಕ್ಕೆ ಅದು ಬೇಕೇ ಬೇಕು. ಮಿಕ್ಕಿದ್ದನ್ನು ಕಿಡ್ನಿ ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಕಿಡ್ನಿಗೆ ಆ ಶಕ್ತಿ ಕುಂದಿದಾಗ ಅದು ರಕ್ತದಲ್ಲೇ ಉಳಿದು ಹೃದಯದ ಬಡಿತವನ್ನೇ ಏರುಪೇರು ಮಾಡಬಲ್ಲದು.

ಹಾಗಂತ ಕಿಡ್ನಿ ಕಾಯಿಲೆ ಇರುವ ಎಲ್ಲರಿಗೂ ಈ ಪಥ್ಯ ಬೇಕಿಲ್ಲ. ಅಂಕಿ ಸರಿಯಾಗಿದ್ದರೆ ಬಾಳೆಹಣ್ಣು ಕಸಿದುಕೊಳ್ಳುವ ಅಗತ್ಯ ಇರುವುದಿಲ್ಲ. ನಮ್ಮಲ್ಲಿ ಆಗುವುದೇ ಬೇರೆ. ಯಾರದೋ ಮೊಬೈಲಿಗೆ ಬಂದ "ತಿನ್ನಬಾರದು" ಪಟ್ಟಿ ಅಡುಗೆಮನೆ ಗೋಡೆಗೆ ಅಂಟುತ್ತದೆ, ಅಜ್ಜನ ತಟ್ಟೆಯಲ್ಲಿ ಬಿಳಿ ಅನ್ನ ಮಾತ್ರ ಉಳಿಯುತ್ತದೆ. ಅಂಕಿ ಏರುವುದಕ್ಕೆ ಊಟ ಒಂದೇ ಕಾರಣವೂ ಅಲ್ಲ. ಕೆಲವು ಬಿಪಿ ಮಾತ್ರೆಗಳು ಪೊಟ್ಯಾಷಿಯಂ ಏರಿಸುತ್ತವೆ. ಮಲಬದ್ಧತೆಯಿಂದಲೂ ಏರುತ್ತದೆ, ವಯಸ್ಸಾದವರಲ್ಲಿ ಇದು ಜಾಸ್ತಿ. ರಕ್ತ ತೆಗೆಯುವಾಗ ಕಣಗಳು ಒಡೆದರೆ ಅಂಕಿ ಸುಳ್ಳೇ ಹೆಚ್ಚು ತೋರಿಸುತ್ತದೆ. ಡಾಕ್ಟರು "ಇನ್ನೊಂದು ಸಲ ಟೆಸ್ಟ್ ಮಾಡಿಸಿ" ಅಂದರೆ ಸುಮ್ನೆ ದುಡ್ಡಿಗೆ ಅಂತ ಗೊಣಗಬೇಡಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸುವುದಂತೂ ಬೇಡ.

ಇನ್ನು ಚಿತ್ರದುರ್ಗದ ಕಡೆಯ ಮಧ್ಯಾಹ್ನದ ಊಟಕ್ಕೆ ಬರೋಣ. ಮುದ್ದೆ, ಬಸ್ಸಾರು, ಪಲ್ಯ. ಪೊಟ್ಯಾಷಿಯಂ ಬಗ್ಗೆ ಕಲಿಯಲು ಇದಕ್ಕಿಂತ ಒಳ್ಳೆ ಪಾಠ ಇಲ್ಲ. ಪೊಟ್ಯಾಷಿಯಂ ನೀರಿನಲ್ಲಿ ಕರಗುತ್ತದೆ. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಜಾಸ್ತಿ ನೀರಿನಲ್ಲಿ ಬೇಯಿಸಿ, ಆ ನೀರು ಚೆಲ್ಲಿದರೆ ಒಂದಷ್ಟು ಪೊಟ್ಯಾಷಿಯಂ ಅದರ ಜೊತೆಗೇ ಹೋಗುತ್ತದೆ. ಆಲೂಗಡ್ಡೆಯಂಥದ್ದರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಇಳಿಸಬಹುದು. ಆಸ್ಪತ್ರೆಯ ಡಯಟಿಷಿಯನ್ ಇದನ್ನು ಲೀಚಿಂಗ್ ಅನ್ನುತ್ತಾರೆ. ನಮ್ಮ ಬಸ್ಸಾರಿನಲ್ಲಿ ನಡೆಯುವುದೂ ಇದೇ, ಆದರೆ ತಿರುವುಮುರುವು. ಸೊಪ್ಪು, ಕಾಳು ಬೇಯಿಸಿ ಬಸಿದ ನೀರನ್ನು ಚೆಲ್ಲುವುದಿಲ್ಲ, ಅದನ್ನೇ ಸಾರು ಮಾಡುತ್ತೇವೆ. ಅಂದರೆ ಪೊಟ್ಯಾಷಿಯಂ ಏರಿರುವ ಅಜ್ಜಿಗೆ ಪಲ್ಯಕ್ಕಿಂತ ಸಾರಿನದ್ದೇ ಚಿಂತೆ. "ಪಲ್ಯ ಬೇಡಮ್ಮ, ನಿಮಗೆ ಬರೀ ತಿಳಿಸಾರು" ಅಂತ ಪ್ರೀತಿಯಿಂದ ಬಡಿಸುವ ಸೊಸೆ ಗೊತ್ತಿಲ್ಲದೆ ಬೇಡದ್ದನ್ನೇ ಬಡಿಸುತ್ತಿರುತ್ತಾಳೆ. ಯುಗಾದಿ ಹೋಳಿಗೆಯ ಕಟ್ಟಿನ ಸಾರಿನದ್ದೂ ಇದೇ ಕಥೆ.

ಹಾಗಾದರೆ ಅಜ್ಜಿಗೆ ಏನು ಮಾಡುವುದು? ಬಸಿದು ಹಿಂಡಿದ ಪಲ್ಯ ಸ್ವಲ್ಪ ಕೊಡಿ. ಸಾರಿಗೆ ಹೀರೇಕಾಯಿ, ಸೋರೆಕಾಯಿ ಬಳಸಿ, ಬೇಳೆ ಕಮ್ಮಿ ಹಾಕಿ. ಕುಕ್ಕರಿನಲ್ಲಿ ಒಂಚೂರು ನೀರಿಟ್ಟು ಬೇಯಿಸಿದರೆ ಲೀಚಿಂಗ್ ಆಗುವುದಿಲ್ಲ, ಎಲ್ಲಾ ಒಳಗೇ ಉಳಿಯುತ್ತದೆ. ಮುದ್ದೆಯನ್ನು ಪೂರ್ತಿ ಬಿಡಿಸಬೇಕಾ? ರಾಗಿಯಲ್ಲಿ ಪೊಟ್ಯಾಷಿಯಂ ಅಕ್ಕಿಗಿಂತ ಮೂರು ಪಟ್ಟಿಗೂ ಜಾಸ್ತಿ, ಕಿಡ್ನಿ ರೋಗಿಗಳು ಗಮನಿಸಬೇಕಾದ ರಂಜಕವೂ (ಫಾಸ್ಫರಸ್) ಜಾಸ್ತಿ. ಆದರೆ ಹುಟ್ಟಿದಾಗಿನಿಂದ ಮುದ್ದೆ ಉಂಡವರಿಗೆ ಅನ್ನ ಊಟ ಅನ್ನಿಸುವುದೇ ಇಲ್ಲ, ಅಲ್ವಾ? ಸಣ್ಣ ಮುದ್ದೆ ಇಟ್ಟು, ಉಳಿದದ್ದು ಅನ್ನ ಮಾಡಬಹುದೇ ಅಂತ ರಿಪೋರ್ಟ್ ಮುಂದಿಟ್ಟು ಡಯಟಿಷಿಯನ್‌ಗೆ ಕೇಳಿ. ಎಳನೀರಿನ ವಿಷಯದಲ್ಲಿ ಮಾತ್ರ ಚೌಕಾಸಿ ಬೇಡ. "ಕಿಡ್ನಿಗೆ ತಂಪು" ಅಂತ ನೆಂಟರು ತರುವ ಎಳನೀರಿನಲ್ಲಿ ಪೊಟ್ಯಾಷಿಯಂ ತುಂಬಿರುತ್ತದೆ.

ಉಪ್ಪಿನದ್ದು ಬೇರೆ ಲೆಕ್ಕ. ದಿನಕ್ಕೆ ಒಟ್ಟು 5 ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು, ಸಾಕು. ದಾವಣಗೆರೆಯಲ್ಲಿ ಇದು ಸುಲಭವಲ್ಲ. ಮಂಡಕ್ಕಿ ಹಗುರ ಅಂತ ಅಜ್ಜನಿಗೆ ಸಂಜೆ ಕೊಡುತ್ತಾರೆ, ಆದರೆ ಭಟ್ಟಿಯಲ್ಲಿ ಹುರಿಯುವ ಮೊದಲೇ ಅಕ್ಕಿಗೆ ಉಪ್ಪುನೀರು ಬಿದ್ದಿರುತ್ತದೆ. ಮೇಲೆ ಖಾರ, ಪಕ್ಕದಲ್ಲಿ ಮಿರ್ಚಿ. ಇದಕ್ಕೆ ಹೆದರಿ ಅಂಗಡಿಯ "ಲೋ ಸೋಡಿಯಂ" ಉಪ್ಪು ತರುವವರಿದ್ದಾರೆ. ಅಲ್ಲೇ ಎಡವುವುದು. ಅದರಲ್ಲಿ ಸೋಡಿಯಂ ಬದಲು ಹಾಕಿರುವುದೇ ಪೊಟ್ಯಾಷಿಯಂ ಕ್ಲೋರೈಡ್. ಮಾಮೂಲಿ ಉಪ್ಪನ್ನೇ ಕಮ್ಮಿ ಹಾಕಿ, ನಿಂಬೆಹುಳಿ, ಒಗ್ಗರಣೆ, ಬೆಳ್ಳುಳ್ಳಿಯಿಂದ ರುಚಿ ತನ್ನಿ.

ವಯಸ್ಸಾದವರಲ್ಲಿ ನನಗೆ ಪೊಟ್ಯಾಷಿಯಂಗಿಂತ ಹೆಚ್ಚು ಭಯ ಹುಟ್ಟಿಸುವುದು ಅವರು ಸೊರಗುವುದು. ಬೇಳೆ ಬಿಟ್ಟು, ಹಾಲು ಬಿಟ್ಟು, ಮೊಟ್ಟೆ ಬಿಟ್ಟು ತಿಂಗಳುಗಟ್ಟಲೆ ಕೂತರೆ ತೋಳು, ತೊಡೆಯ ಮಾಂಸ ಕರಗುತ್ತದೆ. ಆಮೇಲೆ ಬಚ್ಚಲಲ್ಲಿ ಜಾರಿ ಬೀಳುವುದು ಶುರು. ಡಯಾಲಿಸಿಸ್ ಇಲ್ಲದ ಕಿಡ್ನಿ ರೋಗಿಗೆ ಸಾಮಾನ್ಯವಾಗಿ ಪ್ರತಿ ಕೆಜಿ ತೂಕಕ್ಕೆ ದಿನಕ್ಕೆ 0.8 ಗ್ರಾಂ ಪ್ರೋಟೀನ್ ಹೇಳುತ್ತಾರೆ. 60 ಕೆಜಿ ಇರುವ ಅಜ್ಜನಿಗೆ 48 ಗ್ರಾಂ ಆಯಿತು. ತೀರಾ ಬಡಕಲಾಗಿದ್ದರೆ ಇನ್ನೂ ಜಾಸ್ತಿ ಬೇಕಾಗಬಹುದು. ಡಯಾಲಿಸಿಸ್ ಶುರುವಾದ ಮೇಲೆ ಅದು 1ರಿಂದ 1.2 ಗ್ರಾಂಗೆ ಏರುತ್ತದೆ, ಯಾಕೆಂದರೆ ಪ್ರತಿ ಸಲವೂ ಒಂದಿಷ್ಟು ಪ್ರೋಟೀನ್ ಹೊರಗೆ ಹೋಗುತ್ತದೆ. ನಿನ್ನೆಯವರೆಗೆ "ಬೇಳೆ ಕಮ್ಮಿ ಮಾಡಿ" ಅಂದ ಡಾಕ್ಟರೇ ಇವತ್ತು "ಮೊಟ್ಟೆ ಬಿಳಿ ಕೊಡಿ" ಅಂದರೆ ಗಾಬರಿ ಆಗಬೇಡಿ.

ಪೊಟ್ಯಾಷಿಯಂ ಏರಿದರೆ ಎಷ್ಟೋ ಸಲ ಮೈಗೆ ಏನೂ ಗೊತ್ತಾಗುವುದಿಲ್ಲ. ಕೆಲವರಿಗೆ ಕಾಲಿನಲ್ಲಿ ಬಲ ಇಲ್ಲದಂತೆ ಆಗುತ್ತದೆ, ಎದೆಬಡಿತ ನಿಧಾನವಾಗುತ್ತದೆ ಇಲ್ಲವೇ ತಪ್ಪುತ್ತದೆ. ರಿಪೋರ್ಟಿನಲ್ಲಿ 6 ದಾಟಿದ್ದರೆ ಪಥ್ಯದ ಮಾತು ಆಮೇಲೆ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಸಿಜಿ ಮಾಡಿಸಬೇಕು, ನಾಳೆ ಸೋಮವಾರ ನೋಡೋಣ ಅನ್ನುವಂತಿಲ್ಲ.