ಹಾಯಿದೋಣಿ ಪಕ್ಕದಲ್ಲೇ ತಿಮಿಂಗಿಲ ಎದ್ದರೆ?

ಪ್ರಶ್ನೆ: ಕಾಫಿ ಕೊಯ್ಲು ಮುಗಿಸಿ ಮಾರ್ಚ್‌ನಲ್ಲಿ ಮನೆಯವರೆಲ್ಲ ಶ್ರೀಲಂಕಾಕ್ಕೆ ಹೊರಟಿದ್ದೇವೆ. ಮಿರಿಸ್ಸಾದಲ್ಲಿ ಹಾಯಿದೋಣಿ ಹತ್ತುವ ಆಸೆ. ತಿಮಿಂಗಿಲ ಬಂದು ದೋಣಿ ಮಗುಚಿಬಿಡುತ್ತಾ ಅಂತ ಅಮ್ಮನಿಗೆ ಭಯ. ಏನು ಹೇಳಲಿ?
– ಸಕಲೇಶಪುರದ ಓದುಗರು

ಉತ್ತರ: ಅಮ್ಮನಿಗೆ ತೋಟದ ಆನೆಯನ್ನು ನೆನಪಿಸಿ. ನಾವಿರೋದು ಗೊತ್ತಾಗಿ, ದಾರಿಯೂ ಬಿಟ್ಟುಕೊಟ್ಟರೆ ಆನೆ ಹೆಚ್ಚಾಗಿ ಅದರ ಪಾಡಿಗೆ ಹೋಗುತ್ತೆ. ಕಾಫಿ ಗಿಡದ ಮರೆಯಲ್ಲಿ ದಿಢೀರ್ ಅಂತ ಎದುರಾದಾಗಲೇ ಅನಾಹುತ. ಸಕಲೇಶಪುರ, ಆಲೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಡಲಲ್ಲೂ ಹೆಚ್ಚುಕಡಿಮೆ ಇದೇ ಲೆಕ್ಕ.

ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಿರಿಸ್ಸಾದ ಆಚೆ ನೀಲಿ ತಿಮಿಂಗಿಲ ಕಾಣುತ್ತೆ. ಅದಕ್ಕೆ ಹಲ್ಲೇ ಇಲ್ಲ, ತಿನ್ನೋದು ಸಿಗಡಿಯಂಥ ಸಣ್ಣ ಜೀವಿಗಳನ್ನು. ಡಾಲ್ಫಿನ್‌ಗಳ ಹಾಗೆ ಸದ್ದು ಬಿಟ್ಟು, ಅದರ ಮಾರ್ದನಿ ಕೇಳಿ ಎದುರಿಗೇನಿದೆ ಅಂತ ತಿಳಿಯುವ ಶಕ್ತಿಯೂ ಅದಕ್ಕಿಲ್ಲ. ಹಾಯಿದೋಣಿಯೋ ಸದ್ದಿಲ್ಲದೆ ಬರುತ್ತೆ. ತಿಮಿಂಗಿಲ ನೀರಿನ ಮೇಲೆ ಸುಮ್ನೆ ತೇಲುತ್ತಿದ್ದರೆ ಇದು ಬಂದದ್ದೇ ಅದಕ್ಕೆ ಗೊತ್ತಾಗಲಿಕ್ಕಿಲ್ಲ. ಅದಕ್ಕೇ ತಿಳಿದವರು ಎಂಜಿನ್ ಆನ್ ಮಾಡಿ, ಗೇರ್ ಹಾಕದೆ ಓಡಲು ಬಿಡುತ್ತಾರೆ. ಕೆಲವರು ದೋಣಿಯ ಮೈಯನ್ನು ತಟ್ಟುತ್ತಾರೆ. ಕನಿಷ್ಠ 100 ಮೀಟರ್ ದೂರ ಇರಬೇಕು. ಮುಂದೆ ಅಡ್ಡ ಹೋಗಬಾರದು, ಹಿಂದಿನಿಂದ ಅಟ್ಟಬಾರದು, ತಾಯಿ-ಮರಿ ನಡುವೆ ನುಗ್ಗಲೇಬಾರದು. ಹತ್ತುವ ಮೊದಲು ದೋಣಿಯವರನ್ನು ಇದನ್ನೇ ಕೇಳಿ. 'ತೀರಾ ಹತ್ತಿರ ಕರ್ಕೊಂಡು ಹೋಗ್ತೀವಿ' ಅನ್ನೋರ ದೋಣಿ ಬೇಡವೇ ಬೇಡ.

ನಾನು ಅಲ್ಲಿ ನೋಡಿದ ದಿನ ಮೊದಲು ಬಂದದ್ದು ಸದ್ದು. ಕುಕ್ಕರಿನ ಆವಿ ಒಮ್ಮೆಲೇ ಬಿಟ್ಟ ಹಾಗೆ. ಬಿಳಿ ತುಂತುರು ಮೇಲೆದ್ದು ಗಾಳಿಗೆ ನಮ್ಮ ಕಡೆ ಬಂತು, ಜೊತೆಗೆ ಕೊಳೆತ ಮೀನಿನ ವಾಸನೆ. ಆಮೇಲೆ ಚುಕ್ಕೆ ಚುಕ್ಕೆಯ ಬೂದು ಬೆನ್ನು. ಅದು ಜಾರುತ್ತಲೇ ಇತ್ತು, ಮುಗಿಯುವ ಹಾಗೇ ಕಾಣಲಿಲ್ಲ. ಕೊನೆಗೊಂದು ಪುಟ್ಟ ರೆಕ್ಕೆ, ಅಷ್ಟು ದೊಡ್ಡ ಮೈಗೆ ಇಷ್ಟೇನಾ ಅನ್ನಿಸುವಷ್ಟು. ಬಾಲ ಎತ್ತಿತು ಅಂದರೆ ಆಳಕ್ಕೆ ಹೊರಟಿತು ಅಂತ ಅರ್ಥ. ಮತ್ತೆ ಉಸಿರಿಗೆ ಮೇಲೆ ಬರಲು ಹತ್ತು ನಿಮಿಷವಾದರೂ ಆಗಬಹುದು. ಕಾಯಬೇಕು, ಅಟ್ಟಿಕೊಂಡು ಹೋಗಬಾರದು.

ದೋಣಿ ಮುಳುಗಿದ ಉದಾಹರಣೆ ಇಲ್ಲವೇ ಇಲ್ಲ ಅಂದರೆ ಸುಳ್ಳಾಗುತ್ತೆ. 1820ರಲ್ಲಿ ಪೆಸಿಫಿಕ್‌ನಲ್ಲಿ ಸ್ಪರ್ಮ್ ತಿಮಿಂಗಿಲವೊಂದು ಎಸೆಕ್ಸ್ ಅನ್ನುವ ಹಡಗನ್ನು ಗುದ್ದಿ ಮುಳುಗಿಸಿತು. ಆದರೆ ಅದು ತಿಮಿಂಗಿಲ ಬೇಟೆಗೇ ಹೋಗಿದ್ದ ಹಡಗು. 2020ರಿಂದ ಸ್ಪೇನ್, ಪೋರ್ಚುಗಲ್ ಕರಾವಳಿಯಲ್ಲಿ ಓರ್ಕಾಗಳು ಹಾಯಿದೋಣಿಗಳ ಚುಕ್ಕಾಣಿ ಮುರಿಯುತ್ತಿವೆ, ಕೆಲವು ದೋಣಿಗಳು ಮುಳುಗಿಯೂ ಇವೆ. ಓರ್ಕಾ ಡಾಲ್ಫಿನ್ ಕುಟುಂಬದ್ದು. ಅಲ್ಲಿನ ಒಂದು ಚಿಕ್ಕ ಗುಂಪಿನ ಅಭ್ಯಾಸ ಇದು, ಬಹುಶಃ ಆಟ ಅನ್ನುತ್ತಾರೆ ಹಲವು ವಿಜ್ಞಾನಿಗಳು. ಮಿರಿಸ್ಸಾಕ್ಕೆ ಅದರ ಚಿಂತೆ ಬೇಡ.

ಅಮ್ಮನಿಗೆ ನಿಜವಾಗಿ ಕಾಡುವುದು ಅಲೆಯ ಕುಲುಕಾಟ. ಶಿರಾಡಿ ಘಾಟಿಯ ತಿರುವಿನಲ್ಲಿ ಅವರಿಗೆ ಹೊಟ್ಟೆ ತೊಳಸುತ್ತೆ ಅಂದರೆ, ಡಾಕ್ಟರನ್ನು ಕೇಳಿ ಮಾತ್ರೆ ಇಟ್ಟುಕೊಳ್ಳಿ. ದೋಣಿ ಹತ್ತುವ ಮೊದಲೇ ಕೊಡಿ, ವಾಂತಿ ಶುರುವಾದ ಮೇಲಲ್ಲ.