ಭುಜದ ಮೇಲೆ ಎರಡು ನಕ್ಷತ್ರ, ಸಾಲಿನ ಕೊನೆಗೆ ಒಬ್ಬ ಜವಾನ

ಕೊಲ್ಲಾಪುರ ಜಿಲ್ಲೆಯ ಶಿರೋಳ ತಾಲೂಕಿನಲ್ಲಿ ಒಂದು ಊರಿನ ಹೆಸರೇ ಸೈನಿಕ ಟಾಕಳಿ. ಅಂಥ ಹೆಸರು ಪಡೆಯದಿದ್ದರೂ ಗಡಹಿಂಗ್ಲಜ, ಜತ್ತ, ಅಕ್ಕಲಕೋಟ ಕಡೆಯ ಕನ್ನಡದ ಮನೆಗಳಲ್ಲಿ ಪಡಸಾಲೆಯ ಗೋಡೆಗೆ ಒಂದು ಫೌಜಿ ಫೋಟೊ ತೂಗುವುದು ಹೊಸತೇನಲ್ಲ. ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರ 1922ರಿಂದ ಬೆಳಗಾವಿಯಲ್ಲೇ ಇದೆ. ಗಡಹಿಂಗ್ಲಜದ ಹುಡುಗನಿಗೆ ಅದು ಒಂದು ಬಸ್ಸಿನ ದಾರಿ. ಈ ಮನೆಗಳಿಂದ ಹೋದವರು ಹೆಚ್ಚಾಗಿ ಜವಾನರು, ನಾಯಕ್‌ಗಳು, ಹವಾಲ್ದಾರರು. ಈಗ ಅಂಥದೇ ಮನೆಯ ಮೊಮ್ಮಗ ಅಧಿಕಾರಿಗಳನ್ನು ತಯಾರು ಮಾಡುವ ಎನ್‌ಡಿಎಗೋ ಓಟಿಎಗೋ ತಯಾರಾಗುತ್ತಿದ್ದರೆ, ಅಜ್ಜ ಸೆಲ್ಯೂಟ್ ಹೊಡೆದ ಕಡೆಯಲ್ಲಿ ಅಲ್ಲ, ಸೆಲ್ಯೂಟ್ ತೆಗೆದುಕೊಳ್ಳುವ ಕಡೆಯಲ್ಲಿ ಅವನು ನಿಲ್ಲಬೇಕಾಗುತ್ತದೆ.

ಖಡಕವಾಸಲಾದ ಎನ್‌ಡಿಎಯಲ್ಲಿ 3 ವರ್ಷ, ದೆಹರಾದೂನಿನ ಸೈನಿಕ ಅಕಾಡೆಮಿಯಲ್ಲಿ 1 ವರ್ಷ ಮುಗಿಸಿ ಪಲ್ಟಣಿಗೆ ಬರುವ ಲೆಫ್ಟಿನೆಂಟ್‌ಗೆ ವಯಸ್ಸು 21-22. ಅವನ ಕೈಗೆ ಸಿಗುವ ಪ್ಲಟೂನಿನಲ್ಲಿ ಸುಮಾರು 36 ಜನ. ಅವನ ಪಕ್ಕದಲ್ಲಿ ನಿಲ್ಲುವ, ಜವಾನನಾಗಿ ಸೇರಿ ಮೇಲೇರಿದ ನಾಯಬ್ ಸುಬೇದಾರ್, ಈ ಹುಡುಗ ಅಂಗನವಾಡಿಗೆ ಹೋಗುವ ಕಾಲಕ್ಕೇ ರೈಫಲ್ ಹಿಡಿದವರು. ಮೊದಲ ದಿನವೇ ಎಲ್ಲರೂ ಸೆಲ್ಯೂಟ್ ಹೊಡೆಯುತ್ತಾರೆ. ಅದು ನಕ್ಷತ್ರಕ್ಕೆ ಸಲ್ಲುವುದು. ಅವನಿಗೆ ಏನು ಸಲ್ಲುತ್ತದೆ ಎಂಬುದು ತೀರ್ಮಾನವಾಗಲು ಕೆಲವು ತಿಂಗಳು ಬೇಕು.

ಕೊಲ್ಲಾಪುರ ಸೀಮೆಯವರಿಗೆ ಈ ವ್ಯತ್ಯಾಸ ತಾಲೀಮಿನಿಂದಲೇ ಗೊತ್ತು. ಅಖಾಡದಲ್ಲಿ ಕುಸ್ತಿ ಕಲಿಸುವ ವಸ್ತಾದರಿಗೆ ಅರವತ್ತು ದಾಟಿರುತ್ತದೆ. ಇಪ್ಪತ್ತರ ಪೈಲವಾನ ಅವರನ್ನು ಒಂದು ಕೈಯಲ್ಲಿ ಎತ್ತಬಲ್ಲ. ಆದರೂ ಅವರು 'ಕೆಮ್ಮಣ್ಣು ಹದ ಮಾಡು' ಎಂದರೆ ಅವನು ಸನಿಕೆ ಹಿಡಿಯುತ್ತಾನೆ. ಮಾನವಶಾಸ್ತ್ರಜ್ಞ ಜೋಸೆಫ್ ಹೆನ್ರಿಕ್ ಮತ್ತು ಫ್ರಾನ್ಸಿಸ್ಕೊ ಗಿಲ್-ವೈಟ್ 2001ರಲ್ಲಿ ಮನುಷ್ಯರಲ್ಲಿ ಮೇಲೇರುವ ಎರಡು ದಾರಿಗಳನ್ನು ಬೇರ್ಪಡಿಸಿ ತೋರಿಸಿದರು. ಒಂದು ದಬ್ಬಾಳಿಕೆಯದು, ಪ್ರಾಣಿಗಳಲ್ಲೂ ಕಾಣುವಂಥದು. ಇನ್ನೊಂದು ಮನ್ನಣೆಯದು: ಯಾರಿಂದ ಕಲಿಯಲು ಏನಾದರೂ ಇದೆಯೋ ಅವರ ಹತ್ತಿರಕ್ಕೆ ಜನ ತಾವಾಗಿ ಹೋಗುತ್ತಾರೆ. ದಬ್ಬಾಳಿಕೆ ನಡೆಸುವವನ ಎದುರು ಜನ ಕಣ್ಣು ತಪ್ಪಿಸುತ್ತಾರೆ. ಮನ್ನಣೆ ಪಡೆದವನನ್ನು ಕಣ್ಣಿಟ್ಟು ನೋಡುತ್ತಾರೆ. ಸೈನ್ಯದಲ್ಲೂ ಡ್ರಿಲ್ ಕಲಿಸುವವರನ್ನು 'ಉಸ್ತಾದ್' ಎಂದೇ ಕರೆಯುತ್ತಾರೆ. ತಾಲೀಮಿನ ವಸ್ತಾದನೂ ಇದೇ ಮಾತಿನ ಇನ್ನೊಂದು ರೂಪ.

ಜವಾನನ ಕಡೆಯಿಂದ ನೋಡಿದರೆ ಸಮಸ್ಯೆ ಇನ್ನೊಂದು ಬಗೆಯದು. ಗುಂಡು ಹಾರುವಾಗ ಈ ಹುಡುಗನ ಬುದ್ಧಿ ನೆಟ್ಟಗಿರುತ್ತದೆಯೇ ಎಂದು ಅವನಿಗೆ ತಿಳಿಯಬೇಕು. ಅದನ್ನು ಮುಂಚಿತವಾಗಿ ಪರೀಕ್ಷಿಸುವ ಉಪಾಯವಿಲ್ಲ. ಆದ್ದರಿಂದ ಇಡೀ ಪ್ಲಟೂನು ಸಣ್ಣ ಸಣ್ಣ ಸಂಗತಿಗಳಲ್ಲಿ ಸುಳಿವು ಹುಡುಕುತ್ತದೆ, ಅದೂ ನಟಿಸಲು ದುಬಾರಿಯಾದ ಸುಳಿವು. ಜೀವಶಾಸ್ತ್ರದಲ್ಲಿ ಅಮೋಟ್ಸ್ ಜಹಾವಿ 1975ರಲ್ಲಿ ಹೇಳಿದ್ದು ಇದನ್ನೇ: ಸಂಕೇತ ಕೊಡಲು ಬೆಲೆ ತೆರಬೇಕಾದಾಗ ಮಾತ್ರ ಅದನ್ನು ನಂಬಬಹುದು. ಭಾಷಣಕ್ಕೆ ಖರ್ಚಿಲ್ಲ, ಹಾಗಾಗಿ ಅದಕ್ಕೆ ಮಾರ್ಕೂ ಇಲ್ಲ. ನಸುಕಿನ ಐದಕ್ಕೆ ಬೂಟು ಕಟ್ಟಿ ನಿಂತಿರುವುದಕ್ಕೆ ಖರ್ಚಿದೆ. ಹುಡುಗರು ಉಂಡ ಮೇಲೆ ತಟ್ಟೆ ಹಿಡಿಯುವುದಕ್ಕೂ ಖರ್ಚಿದೆ. ದೆಹರಾದೂನಿನ ಅಕಾಡೆಮಿಯಲ್ಲಿ 1932ರಲ್ಲಿ ಆಗಿನ ಸೇನಾಪತಿ ಚೆಟ್‌ವುಡ್ ಹೇಳಿ, ಇಂದಿಗೂ ಗೋಡೆಯ ಮೇಲಿರುವ ಮಾತಿನ ಅನುಕ್ರಮವೂ ಅದೇ: ದೇಶ ಮೊದಲು, ನಿನ್ನ ಕೈಕೆಳಗಿನವರು ಆಮೇಲೆ, ನಿನ್ನ ಸುಖ ಕಟ್ಟಕಡೆಗೆ.

ಮೊದಲ ವಾರದ ಕೆಲಸ ನಾಯಬ್ ಸುಬೇದಾರರಿಂದ ಶುರು. ಅವರನ್ನು 'ಸಾಹೇಬ' ಎಂದೇ ಕರೆಯಬೇಕು. ಸೆಲ್ಯೂಟ್ ಹೊಡೆಯುವವರು ಅವರಾದರೂ ರೂಢಿ ಅದು. ಅವರ ಜೊತೆ ಒಂದು ಗಂಟೆ ಒಬ್ಬರೇ ಕೂತು ಮೂರು ಸಂಗತಿ ಕೇಳಿದರೆ ಸಾಕು: ಈ ಪ್ಲಟೂನು ಯಾವುದರಲ್ಲಿ ಗಟ್ಟಿ, ಯಾವುದರಲ್ಲಿ ಕಚ್ಚಾ, ಸದ್ಯ ಯಾರ ಮನೆಯಲ್ಲಿ ತೊಂದರೆಯಿದೆ. ನಡುವೆ ಬಾಯಿ ಹಾಕಬಾರದು. ಜವಾನರ ಮುಂದೆ ಅವರ ಮಾತನ್ನು ಎಂದೂ ಕತ್ತರಿಸಬಾರದು. ಭಿನ್ನಾಭಿಪ್ರಾಯವಿದ್ದರೆ ಬಾಗಿಲು ಹಾಕಿಕೊಂಡು ಹೇಳಬೇಕು. ಹತ್ತು ಜನರ ಸೆಕ್ಷನ್ನಿನ ಎದುರಿಗೆ ಅದರ ಹವಾಲ್ದಾರನನ್ನು ತಿದ್ದಿದರೆ ಅವನೊಬ್ಬನ ಮುಖವಷ್ಟೇ ಬಾಡುವುದಿಲ್ಲ. ನಾಳೆಯಿಂದ ಆ ಹತ್ತು ಜನ ಅವನ ಹುಕುಮು ಬಂದಾಗೆಲ್ಲ ಲೆಫ್ಟಿನೆಂಟನ ಮುಖ ನೋಡತೊಡಗುತ್ತಾರೆ, ಹವಾಲ್ದಾರನ ಕೆಲಸವೂ ಲೆಫ್ಟಿನೆಂಟನ ತಲೆಯ ಮೇಲೆಯೇ ಬೀಳುತ್ತದೆ.

ಆಮೇಲೆ ಹೆಸರು. ಒಬ್ಬೊಬ್ಬನನ್ನೂ ಹದಿನೈದು ನಿಮಿಷ ಮಾತಾಡಿಸಿದರೆ 36 ಜನಕ್ಕೆ 9 ಗಂಟೆ. ದಿನಕ್ಕೆ ಮೂವರಂತೆ 12 ದಿನದಲ್ಲಿ ಮುಗಿಯುತ್ತದೆ. ಕೈಪುಸ್ತಕದಲ್ಲಿ ಪ್ರತಿಯೊಬ್ಬನಿಗೆ ಒಂದು ಪುಟ: ನಂಬರು, ರಕ್ತದ ಗುಂಪು, ಊರು, ಮನೆಯಲ್ಲಿ ಯಾರಿದ್ದಾರೆ, ಯಾವ ಕೋರ್ಸು ಮಾಡಿದ್ದಾನೆ, ಕೊನೆಯ ರಜೆ ಯಾವಾಗ. ಹೆಸರು ನೆನಪಿಗೆ ಒಗ್ಗುವುದು ಕಷ್ಟ, ಏಕೆಂದರೆ ಹೆಸರಿಗೂ ಮನುಷ್ಯನಿಗೂ ಸಂಬಂಧವೇ ಇಲ್ಲ. ಮರಾಠಾ ಪಲ್ಟಣಿನಲ್ಲಂತೂ ಒಂದೇ ಪ್ಲಟೂನಿನಲ್ಲಿ ನಾಲ್ಕು ಪಾಟೀಲರು ಸಿಕ್ಕರೆ ಅಚ್ಚರಿಯಿಲ್ಲ. ಊರು, ಬೆಳೆ, ಹೊಳೆಯ ಜೊತೆ ಹೆಸರನ್ನು ಗಂಟು ಹಾಕಿದರೆ ಮನಸ್ಸಿಗೆ ಹಿಡಿಯಲು ಕೊಂಡಿ ಸಿಗುತ್ತದೆ: ಹಿರಣ್ಯಕೇಶಿ ದಂಡೆಯ ಕಬ್ಬಿನ ಪಾಟೀಲ, ಜತ್ತದ ಕುರಿಯ ಪಾಟೀಲ. ಮನಃಶಾಸ್ತ್ರಜ್ಞರಾದ ಲ್ಯಾಂಡೌರ್ ಮತ್ತು ಬ್ಯೋರ್ಕ್ 1978ರಲ್ಲಿ ಹೆಸರುಗಳ ಮೇಲೆಯೇ ಪ್ರಯೋಗ ಮಾಡಿ, ನೆನಪಿಸಿಕೊಳ್ಳುವ ಅಂತರವನ್ನು ಹಿಗ್ಗಿಸುತ್ತ ಹೋದರೆ ಚೆನ್ನಾಗಿ ಉಳಿಯುತ್ತದೆ ಎಂದು ಕಂಡುಕೊಂಡರು. ಎಂದರೆ ಭೇಟಿಯಾದ ಹತ್ತು ನಿಮಿಷಕ್ಕೊಮ್ಮೆ, ಸಂಜೆ ರೋಲ್‌ಕಾಲಿನಲ್ಲೊಮ್ಮೆ, ಎರಡು ದಿನ ಬಿಟ್ಟು ಒಮ್ಮೆ, ಪುಸ್ತಕ ಮುಚ್ಚಿಟ್ಟು ತಾನೇ ಹೇಳಿಕೊಳ್ಳಬೇಕು. ಪಟ್ಟಿಯನ್ನು ಓದುತ್ತ ಕೂತರೆ ಬಾರದು.

ಭಾಷೆಯ ಮಾತೂ ಇಲ್ಲೇ ಬರುತ್ತದೆ. ಹಿಂದಿ ಎಲ್ಲರಿಗೂ ಬರುತ್ತದೆ, ಆದರೆ ತನ್ನ ಪಲ್ಟಣಿನ ಜವಾನರ ಭಾಷೆಯನ್ನು ಅಧಿಕಾರಿ ಕಲಿಯಬೇಕೆಂಬುದು ಹಳೆಯ ನಿಯಮ. ಗಡಿಯ ಕನ್ನಡಿಗನಿಗೆ ಇದು ಹೇಳಿಕೊಡಬೇಕಾದ ಪಾಠವಲ್ಲ. ಸಂತೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ ಆಡಿ ಬೆಳೆದವನು, ತಮಿಳೋ ಪಂಜಾಬಿಯೋ ಆಡುವ ಪಲ್ಟಣಿಗೆ ಹೋದರೂ ತಪ್ಪು ತಪ್ಪಾಗಿ ಮಾತಾಡಲು ನಾಚುವುದಿಲ್ಲ. ಅದೊಂದು ಬಂಡವಾಳ.

ಮೊದಲ ತಿಂಗಳಲ್ಲಿ ಹುಕುಮಿನಿಂದ ಏನನ್ನೂ ಬದಲಿಸದಿರುವುದು ಜಾಣತನ. ಕೋತಿನಲ್ಲಿ, ಎಂದರೆ ಶಸ್ತ್ರಾಗಾರದಲ್ಲಿ, ರೈಫಲ್ ಜೋಡಿಸುವ ಕ್ರಮ ನೋಡಿ 'ಇದೇನು ಹೀಗೆ' ಎಂದು ಬದಲಾಯಿಸಿದ ಮೇಲೆ, ಕತ್ತಲಲ್ಲಿ ಕೈಗೆ ತಕ್ಷಣ ಸಿಗಲಿ ಎಂದೇ ಹಾಗೆ ಇಟ್ಟಿದ್ದರು ಎಂದು ತಿಳಿಯುವ ಸಂಭವವೇ ಹೆಚ್ಚು. ಮನಃಶಾಸ್ತ್ರಜ್ಞ ಎಡ್ವಿನ್ ಹಾಲಂಡರ್ 1958ರಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟರು. ಗುಂಪಿನ ರೀತಿಯನ್ನು ಪಾಲಿಸಿ, ಕೆಲಸಕ್ಕೆ ಬರುವವನೆಂದು ತೋರಿಸಿದಾಗ ಜನರ ಮನಸ್ಸಿನಲ್ಲಿ ಅವನ ಹೆಸರಿಗೆ ನಂಬಿಕೆ ಜಮೆಯಾಗುತ್ತ ಹೋಗುತ್ತದೆ. ರೀತಿ ಮುರಿದಾಗ ಆ ಜಮೆಯಿಂದ ಖರ್ಚಾಗುತ್ತದೆ. ಖಾತೆ ತೆರೆದ ದಿನವೇ ಸಾಲ ಕೇಳಿದರೆ ಯಾವ ಪತ್ತಿನ ಸಂಘವೂ ಕೊಡುವುದಿಲ್ಲ.

ಮೈಯ ಪರೀಕ್ಷೆಗೆ ಬರೋಣ. ಓಟ, ಹಗ್ಗ ಹತ್ತುವುದು, ಹಳ್ಳ ಜಿಗಿಯುವುದು ಇವೆಲ್ಲ ಇರಲೇಬೇಕು. ಅಧಿಕಾರಿ ಅದರಲ್ಲಿ ಹಿಂದೆ ಬಿದ್ದರೆ ಮುಂದಿನ ಯಾವ ಮಾತಿಗೂ ತೂಕವಿಲ್ಲ. ಆದರೆ ಓಟದಲ್ಲಿ ಮೊದಲು ಬರುವ ಲೆಫ್ಟಿನೆಂಟ್ ಮಾಡುವ ತಪ್ಪು ಇನ್ನೊಂದಿದೆ, ಅದು ಶುದ್ಧ ಭೌತಶಾಸ್ತ್ರ.

ಒಂಟಿ ಸಾಲಿನಲ್ಲಿ 36 ಜನ, ನಡುವೆ 3 ಮೀಟರ್ ಅಂತರ. ಮೊದಲಿನವನಿಗೂ ಕೊನೆಯವನಿಗೂ ನಡುವೆ 105 ಮೀಟರ್. ದಾರಿಗೆ ಒಂದು ಹಳ್ಳ ಬಂತು. ಎಲ್ಲರೂ ದಂಡೆಯಲ್ಲಿ ಒತ್ತಿಕೊಂಡು ನಿಂತು ಒಬ್ಬೊಬ್ಬರಾಗಿ ದಾಟುತ್ತಾರೆ, ಒಬ್ಬನಿಗೆ 5 ಸೆಕೆಂಡು. ಮೊದಲಿನವನು ದಾಟಿದ 175 ಸೆಕೆಂಡಿಗೆ ಕೊನೆಯವನ ಕಾಲು ಆಚೆ ದಂಡೆಗೆ ತಾಗುತ್ತದೆ. ಮುಂದಿನವನು ಗಂಟೆಗೆ 5 ಕಿಲೋಮೀಟರಿನಂತೆ ನಡೆಯುತ್ತಲೇ ಇದ್ದರೆ ಅಷ್ಟರಲ್ಲಿ ಸುಮಾರು 240 ಮೀಟರ್ ಆಚೆಗಿರುತ್ತಾನೆ. ಇರಬೇಕಾದ 105 ಕಳೆದರೆ ಉಳಿದ 135 ಮೀಟರನ್ನು ಕೊನೆಯವನು ಓಡಿ ಮುಚ್ಚಬೇಕು. ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಓಡಿದರೂ, ಮುಂದಿನವರು ನಡೆಯುತ್ತಲೇ ಇರುವುದರಿಂದ, ಮೂರು ನಿಮಿಷದ ಹತ್ತಿರ ಬೇಕು. ಬೆನ್ನ ಮೇಲೆ ಹೊರೆ. ಅವನೇ ಎಲ್‌ಎಂಜಿ (ಹಗುರ ಮಷಿನ್‌ಗನ್) ಹೊತ್ತವನಾಗಿದ್ದರೆ ಕೈಯಲ್ಲಿ 6 ಕಿಲೋಗೂ ಹೆಚ್ಚಿನ ಕಬ್ಬಿಣ. ಹತ್ತು ಹಳ್ಳವಾದರೆ ಅರ್ಧ ಗಂಟೆ ಓಟ. ಮುಂದಿರುವ ಲೆಫ್ಟಿನೆಂಟ್ ಮಾತ್ರ ಆರಾಮಾಗಿ ನಡೆದಿದ್ದಾನೆ. ವಿಶ್ರಾಂತಿಗೆ ನಿಂತಾಗ ಅವನಿಗೆ ಹತ್ತು ನಿಮಿಷ ಸಿಕ್ಕರೆ ಕೊನೆಯವನಿಗೆ ಏಳು. ಹೆದ್ದಾರಿಯಲ್ಲಿ ಒಂದು ಲಾರಿ ಬ್ರೇಕ್ ಒತ್ತಿದರೆ ಹಿಂದಿನ ಕಾರುಗಳು ಪೂರ್ತಿ ನಿಂತೇಬಿಡುವುದೂ ಇದೇ ಕಾರಣಕ್ಕೆ: ಮುಂದಿನ ಸಣ್ಣ ತಡ ಹಿಂದಕ್ಕೆ ಹೋದಂತೆ ದೊಡ್ಡದಾಗುತ್ತದೆ. ಪಂಢರಪುರದ ದಿಂಡಿಯಲ್ಲಿ ಬಾಲಕ್ಕೆ ಸಿಕ್ಕಿ ನಡೆದವರ ಕಾಲಿಗೆ ಇದು ಗೊತ್ತು.

ಪರಿಹಾರ ಸರಳ. ಹಳ್ಳ ದಾಟಿದ ಮೇಲೆ ಮುಂದಿನವರು ನೂರು ಮೀಟರ್ ಹೋಗಿ ನಿಲ್ಲಬೇಕು, ಅಥವಾ ವೇಗ ಅರ್ಧಕ್ಕಿಳಿಸಬೇಕು. ಕೊನೆಯವನು ದಾಟಿದ ಸುದ್ದಿ ಸಾಲಿನುದ್ದಕ್ಕೂ ಮುಂದೆ ಬಂದ ಮೇಲೆ ಹೊರಡಬೇಕು. ವಿಶ್ರಾಂತಿಯ ಲೆಕ್ಕ ಕೊನೆಯವನು ಕೂತ ಹೊತ್ತಿನಿಂದ. ನಿಂತಾಗ ಬೂಟು ಬಿಚ್ಚಿಸಿ ಕಾಲು ನೋಡಬೇಕು: ಕೆಂಪಗೆ ಬಿಸಿಯಾದ ಜಾಗಕ್ಕೆ ಆಗಲೇ ಪಟ್ಟಿ ಅಂಟಿಸಿದರೆ ಗುಳ್ಳೆ ಏಳುವುದಿಲ್ಲ, ಒದ್ದೆ ಸಾಕ್ಸು ಬದಲಿಸಿದರೆ ಚರ್ಮ ಕಿತ್ತು ಬರುವುದಿಲ್ಲ. ಮೊಣಕಾಲೂರಿ ಜವಾನನ ಪಾದ ನೋಡುವ ಅಧಿಕಾರಿಯ ಸುದ್ದಿ ಆ ರಾತ್ರಿಯೇ ಊಟದ ಲಂಗರಿನಲ್ಲಿ ಹರಡುತ್ತದೆ. ಹಾಗಂತ ಸುದ್ದಿಗೋಸ್ಕರ ನೋಡಿದರೆ ಅದೂ ಹರಡುತ್ತದೆ.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬೇಕೇ? ಎನ್ನಬೇಕು, ಒಂದು ಷರತ್ತಿನೊಂದಿಗೆ. ಮನಃಶಾಸ್ತ್ರಜ್ಞ ಎಲಿಯಟ್ ಆರನ್‌ಸನ್ 1966ರಲ್ಲಿ ತೋರಿಸಿದಂತೆ, ಬಲ್ಲವನು ಎಡವಿದರೆ ಜನಕ್ಕೆ ಇನ್ನಷ್ಟು ಹತ್ತಿರವಾಗುತ್ತಾನೆ. ಬಾರದವನು ಎಡವಿದರೆ ಇದ್ದ ಬೆಲೆಯೂ ಹೋಗುತ್ತದೆ. ನಕ್ಷೆ ಓದುವುದು, ರೈಫಲ್ ಬಿಚ್ಚಿ ಜೋಡಿಸುವುದು, ವೈರ್‌ಲೆಸ್ಸಿನಲ್ಲಿ ಮಾತಾಡುವುದು ಅಕಾಡೆಮಿಯಲ್ಲೇ ಬಂದಿರಬೇಕು. ಅಷ್ಟು ಕೈಯಲ್ಲಿದ್ದರೆ, ಹಿಮದಲ್ಲಿ ಮಾರ್ಟರ್ ತೋಪಿನ ಅಡಿತಟ್ಟೆ ಕೂರಿಸುವ ಬಗೆಯನ್ನು ಹವಾಲ್ದಾರನಿಂದ ಕೇಳಿ ಕಲಿಯುವುದು ಅವಮಾನವಲ್ಲ. ಗೊತ್ತಿದ್ದವನಂತೆ ತಲೆಯಾಡಿಸುವುದು ಬೇರೆ ಲೆಕ್ಕಕ್ಕೆ ಬೀಳುತ್ತದೆ. ಕೈತಪ್ಪನ್ನು ಜನ ಒಂದು ಗಳಿಗೆಯದೆಂದು ಬಿಡುತ್ತಾರೆ. ಒಂದೇ ಒಂದು ಸುಳ್ಳನ್ನು ಇಡೀ ಮನುಷ್ಯನ ಗುಣವೆಂದು ಬರೆದುಕೊಳ್ಳುತ್ತಾರೆ. ಮನಃಶಾಸ್ತ್ರದ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡುಬಂದಿರುವ ಅಸಮತೋಲನ ಇದು.

ಅತಿ ಸಲುಗೆ ಕೊಡುವುದು, ಜವಾನನಿಂದ ಸ್ವಂತದ ಮನೆಗೆಲಸ ಮಾಡಿಸುವುದು, ಒಬ್ಬನ ತಪ್ಪಿಗೆ ಎಲ್ಲರಿಗೂ ಮೈ ದಣಿಸುವ ಶಿಕ್ಷೆ, ಎಂದರೆ ರಗಡಾ, ಕೊಡುವುದು, ಈ ಮೂರರ ಕೇಡು ಹೆಚ್ಚು ವಿವರಿಸಬೇಕಿಲ್ಲ. ಕೊನೆಯದರಲ್ಲಿ ಮಾತ್ರ ಒಂದು ತಿರುವಿದೆ: ಎಲ್ಲರಿಗೂ ಶಿಕ್ಷೆಯಾದಾಗ ಜನ ತಪ್ಪಿತಸ್ಥನ ಮೇಲೆ ಸಿಟ್ಟಾಗುತ್ತಾರೆಂದು ಅಧಿಕಾರಿ ಎಣಿಸಿರುತ್ತಾನೆ, ಅವರು ಅವನನ್ನೇ ಬಚ್ಚಿಡಲು ಒಂದಾಗುತ್ತಾರೆ.

ರಜೆಯ ಪಟ್ಟಿ ಎಲ್ಲಕ್ಕಿಂತ ನಾಜೂಕು. ಗಣಪತಿ, ದೀಪಾವಳಿ, ಊರ ಜಾತ್ರೆ, ಮಿರಗ ಮಳೆಯ ಬಿತ್ತನೆ: ಒಂದೇ ಸೀಮೆಯ ಹುಡುಗರಿಗೆ ಬೇಕಾದ ದಿನಗಳೂ ಒಂದೇ. ಎಲ್ಲರಿಗೂ ಕೊಡಲು ಬರುವುದಿಲ್ಲ. ಟಾಮ್ ಟೈಲರ್ ಮೊದಲಾದವರ ದಶಕಗಳ ಅಧ್ಯಯನ ಹೇಳುವುದೇನೆಂದರೆ, ತಮಗೆ ಒಗ್ಗದ ತೀರ್ಪನ್ನೂ ಜನ ಒಪ್ಪುತ್ತಾರೆ, ತೀರ್ಮಾನಿಸಿದ ರೀತಿ ನೆಟ್ಟಗಿದ್ದರೆ. ವರ್ಷದ ಆರಂಭದಲ್ಲೇ ಪ್ರತಿಯೊಬ್ಬನಿಂದ ಎರಡೆರಡು ಆಯ್ಕೆ ಬರೆಸಿಕೊಳ್ಳಬೇಕು. ಹೋದ ಗಣಪತಿಗೆ ತಪ್ಪಿದವನಿಗೆ ಈ ಸಲ ಮೊದಲ ಸರದಿ. ಪಟ್ಟಿ ಬೋರ್ಡಿನ ಮೇಲೆ ಎಲ್ಲರಿಗೂ ಕಾಣಬೇಕು, ತಕರಾರಿಗೆ ಮೂರು ದಿನ ಬಿಡಬೇಕು. ಮನೆಯಲ್ಲಿ ಸಾವು, ಆಸ್ಪತ್ರೆಯಾದರೆ ಪಟ್ಟಿ ಮುರಿಯಬಹುದು, ಮುರಿದದ್ದೇಕೆ ಎಂದು ಹೇಳಬೇಕು. ಇನ್ನೊಂದು, ರಜೆ ಮಂಜೂರು ಮಾಡುವುದು ಲೆಫ್ಟಿನೆಂಟನ ಕೈಯಲ್ಲಿಲ್ಲ. 'ಕೊಡಿಸ್ತೀನಿ' ಎಂದರೆ ಬೇರೆಯವರ ಜೇಬಿನಿಂದ ಮಾತು ಕೊಟ್ಟಂತೆ. 'ಇವತ್ತು ಕಳಿಸ್ತೀನಿ, ಗುರುವಾರ ಉತ್ತರ ಹೇಳ್ತೀನಿ' ಎಂದು, ಗುರುವಾರ ಉತ್ತರ ಬಂದಿರದಿದ್ದರೂ ಹೋಗಿ 'ಇನ್ನೂ ಬಂದಿಲ್ಲ' ಎಂದು ಹೇಳಿದರೆ ಅದು ಎರಡು ಭಾಷಣಕ್ಕೆ ಸಮ.

ರಾತ್ರಿಯ ಪಹರೆ. ನಾರ್ಮನ್ ಮ್ಯಾಕ್‌ವರ್ತ್ 1948ರಲ್ಲಿ ಎರಡು ಗಂಟೆ ಕಾಲ ಒಂದು ಮುಳ್ಳಿನ ಚಲನೆಯನ್ನೇ ಕಾಯುವ ಕೆಲಸ ಕೊಟ್ಟು ನೋಡಿದಾಗ, ಮೊದಲ ಅರ್ಧ ಗಂಟೆ ಮುಗಿಯುವಷ್ಟರಲ್ಲೇ ಗಮನ ಕುಸಿದಿತ್ತು. ಸೋಮಾರಿತನದ ಪ್ರಶ್ನೆ ಅಲ್ಲವೇ ಅಲ್ಲ. ಮಿದುಳಿನ ಗುಣವೇ ಹಾಗೆ. 17 ಗಂಟೆ ಎಚ್ಚರವಿದ್ದವನ ಕೈ-ಕಣ್ಣು, ರಕ್ತದಲ್ಲಿ ಶೇಕಡ 0.05 ಮದ್ಯವಿದ್ದವನಂತೆ ವರ್ತಿಸುತ್ತದೆ ಎಂದು 1997ರ ಒಂದು ಪ್ರಯೋಗ ತೋರಿಸಿತು. ನಸುಕಿನ ಮೂರರಿಂದ ಐದು ಅತಿ ಕೆಟ್ಟ ಹೊತ್ತು. ಅಧಿಕಾರಿ ಹೋಗಬೇಕಾದದ್ದು ಆಗಲೇ, ಕಳ್ಳಹೆಜ್ಜೆಯಲ್ಲಲ್ಲ. ಗುಂಡು ತುಂಬಿದ ರೈಫಲಿನ ಎದುರಿಗೆ ಕದ್ದು ಹೋಗುವುದು ಅಪಾಯ. ಎಷ್ಟು ದೂರದಲ್ಲಿ 'ಥಮ್' ಎಂದು ತಡೆದ ಎಂಬುದರಲ್ಲೇ ಅವನ ಎಚ್ಚರ ತಿಳಿಯುತ್ತದೆ. ಸಂಕೇತಪದ ಕೇಳಿ, ಯಾವ ದಿಕ್ಕು ನಿನ್ನದು, ಮುಂದಿನ ಪಾಳಿ ಯಾರದು, ಚಹಾ ಬಂತಾ ಎಂದು ವಿಚಾರಿಸಿ, ಹತ್ತು ನಿಮಿಷ ಪಕ್ಕದಲ್ಲಿ ನಿಂತು ಬರುವುದು. ಆ ಹತ್ತು ನಿಮಿಷ ಅವನ ಗಮನವೂ ಚೇತರಿಸುತ್ತದೆ.

ಇದೆಲ್ಲ ಫಲಿಸುತ್ತಿದೆಯೋ ಇಲ್ಲವೋ ಎಂದು ಅಳೆಯಲು ಸೆಲ್ಯೂಟಿನ ಬಿರುಸು ನೋಡಿ ಪ್ರಯೋಜನವಿಲ್ಲ. ಏಮಿ ಎಡ್ಮಂಡ್‌ಸನ್ 1996ರಲ್ಲಿ ಆಸ್ಪತ್ರೆಯ ತಂಡಗಳನ್ನು ಹೋಲಿಸಿದಾಗ, ಒಳ್ಳೆಯ ಮುಖಂಡರಿದ್ದ ಕಡೆಯೇ ಔಷಧದ ತಪ್ಪುಗಳು ಹೆಚ್ಚು ದಾಖಲಾಗಿದ್ದವು. ಅಲ್ಲಿ ತಪ್ಪನ್ನು ಹೇಳಲು ಜನ ಹೆದರುತ್ತಿರಲಿಲ್ಲ. ಪ್ಲಟೂನಿನಲ್ಲೂ ಎಣಿಸಬೇಕಾದದ್ದು ತಾನಾಗಿ ಬರುವ ಕೆಟ್ಟ ಸುದ್ದಿಯನ್ನು. ಮೊದಲ ತಿಂಗಳು ಯಾರೂ ಬರುವುದಿಲ್ಲ, ಎಲ್ಲ 'ಠೀಕ್ ಹೈ ಸಾಬ್'. ನಾಲ್ಕನೇ ತಿಂಗಳು ಯುದ್ಧಾಭ್ಯಾಸ ಮುಗಿಸಿ ಮರಳುವ ಹೊತ್ತಿಗೆ ಒಬ್ಬ ಹುಡುಗ ತಾನೇ ಬಂದು, ತನ್ನ ರೈಫಲಿನ ಒಂದು ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ಕಾಣುತ್ತಿಲ್ಲ ಎನ್ನುತ್ತಾನೆ. ಮ್ಯಾಗಜೀನ್ ಕಳೆಯುವುದು ಸೈನ್ಯದಲ್ಲಿ ಸಣ್ಣ ಮಾತಲ್ಲ. ಆಗ ಕೇಳಬೇಕಾದ ಮೊದಲ ಪ್ರಶ್ನೆ 'ಕೊನೆಗೆ ಎಲ್ಲಿ ಕೈಗೆ ತಾಗಿತ್ತು?' ಎಂಬುದು. ಉತ್ತರ ಸಿಕ್ಕ ಜಾಗದಿಂದ ಇಲ್ಲಿಯವರೆಗಿನ ದಾರಿಗೆ ಕೈಯಳತೆಯ ಅಂತರದಲ್ಲಿ ಸಾಲು ಹಿಡಿಸಿ, ಕಂಪನಿ ಕಮಾಂಡರ್‌ಗೆ ವೈರ್‌ಲೆಸ್ಸಿನಲ್ಲಿ ಆಗಲೇ ತಿಳಿಸಿ, ಸಾಲಿನ ಒಂದು ತುದಿಗೆ ತಾನೂ ಬಗ್ಗಿ ಹುಲ್ಲು ಸರಿಸಬೇಕು. ಬೆಳಕಿರುವವರೆಗೆ.