ನಂಬುವ ಮನಸ್ಸು, ವಿಮರ್ಶಿಸುವ ಮನಸ್ಸು: ಎರಡರ ನಡುವಿನ ತೆಳುವಾದ ನಂಟು

ಆಪ್ತಸಮಾಲೋಚನೆಗೆ ಬರುವ ಕುಟುಂಬಗಳಲ್ಲಿ ಒಂದು ಬಗೆಯ ಜಗಳವನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಮನೆಯ ಕಿರಿಯರೊಬ್ಬರು ದೇವರಲ್ಲಿ ನಂಬಿಕೆ ಕಳೆದುಕೊಂಡಿರುತ್ತಾರೆ. ಅದು ಅತಿಯಾದ ತರ್ಕದ ಫಲವೆಂದು ಹಿರಿಯರು ದುಃಖಿಸುತ್ತಾರೆ, ಹಿರಿಯರ ಭಕ್ತಿ ಯೋಚಿಸಲು ಒಲ್ಲದ ಮನಸ್ಸಿನ ಗುರುತೆಂದು ಕಿರಿಯರು ಚುಚ್ಚುತ್ತಾರೆ. ಪರಸ್ಪರ ವಿರುದ್ಧವಾಗಿ ಕಾಣುವ ಈ ಎರಡು ಮಾತುಗಳೂ ನಿಂತಿರುವುದು ಒಂದೇ ಊಹೆಯ ಮೇಲೆ: ಆಳವಾಗಿ ಯೋಚಿಸುವವರು ನಂಬುವುದಿಲ್ಲ, ನಂಬುವವರು ಆಳವಾಗಿ ಯೋಚಿಸುವುದಿಲ್ಲ. ಮನಶ್ಶಾಸ್ತ್ರದ ಸಂಶೋಧನೆ ಇದನ್ನು ಸಾಬೀತುಪಡಿಸಿದೆ ಎಂದು ಓದಿಕೊಂಡು ಬರುವವರೂ ಇದ್ದಾರೆ.

ಆ ಸಂಶೋಧನೆ ನಂಬಿಕೆಯೊಂದಿಗೆ ಹೋಲಿಸಿ ನೋಡಿದ್ದು ಚಿಂತನಾ ಶೈಲಿಯನ್ನು. ಚಿಂತನಾ ಶೈಲಿ ಎಂದರೆ ಬುದ್ಧಿವಂತಿಕೆಯ ಪ್ರಮಾಣವೆಂದು ತಿಳಿಯಬಾರದು. ಮನಸ್ಸಿಗೆ ತಟ್ಟನೆ ಹೊಳೆದ ಉತ್ತರವನ್ನು ನಾವು ಹಾಗೆಯೇ ಒಪ್ಪಿಕೊಳ್ಳುತ್ತೇವೆಯೋ, ಒಂದು ಕ್ಷಣ ತಡೆದು ಮರುಪರಿಶೀಲಿಸುತ್ತೇವೆಯೋ ಎಂಬ ಒಲವಿಗೆ ಆ ಹೆಸರು. ಇದನ್ನು ಅಳೆಯಲು ಸಂಶೋಧಕ ಶೇನ್ ಫ್ರೆಡರಿಕ್ 2005ರಲ್ಲಿ ಮೂರೇ ಪ್ರಶ್ನೆಗಳ ಪರೀಕ್ಷೆಯೊಂದನ್ನು ಪ್ರಕಟಿಸಿದರು. ಅದರಲ್ಲೊಂದು ಹೀಗಿದೆ: ಕೆರೆಯಲ್ಲಿ ಹರಡುತ್ತಿರುವ ನೈದಿಲೆಯ ಎಲೆಗಳು ದಿನಕ್ಕೆ ಎರಡರಷ್ಟಾಗುತ್ತವೆ, ಇಡೀ ಕೆರೆ ಮುಚ್ಚಲು 48 ದಿನ ಬೇಕಾದರೆ ಅರ್ಧ ಕೆರೆ ಮುಚ್ಚಲು ಎಷ್ಟು ದಿನ ಬೇಕು? ಬಾಯಿಗೆ ಮೊದಲು ಬರುವ ಉತ್ತರ 24. ಸರಿಯಾದ ಉತ್ತರ 47. ಲೆಕ್ಕ ಕಠಿಣವಾದದ್ದೇನಲ್ಲ, ಮೊದಲ ಉತ್ತರವನ್ನು ಅನುಮಾನಿಸುವುದಷ್ಟೇ ಕಠಿಣ.

ಇಂತಹ ಪ್ರಶ್ನೆಗಳಿಗೆ ಸರಿಯುತ್ತರ ಕೊಟ್ಟವರಲ್ಲಿ ಧಾರ್ಮಿಕ ನಂಬಿಕೆ ಸರಾಸರಿಯಲ್ಲಿ ಸ್ವಲ್ಪ ಕಡಿಮೆ ಎಂದು 2012ರ ಸುಮಾರಿಗೆ ಹಲವು ತಂಡಗಳು ವರದಿ ಮಾಡಿದವು. ಅದೇ ವರ್ಷ ಮನಶ್ಶಾಸ್ತ್ರಜ್ಞರಾದ ವಿಲ್ ಜೆರ್ವೇ ಮತ್ತು ಅರಾ ನೊರೆನ್‌ಜಯಾನ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಫ್ರೆಂಚ್ ಶಿಲ್ಪಿ ರೊಡ್ಯಾನ ‘ಚಿಂತಕ’ (ಯೋಚನೆಯಲ್ಲಿ ಮುಳುಗಿ ಕುಳಿತ ಮನುಷ್ಯ) ಶಿಲ್ಪದ ಚಿತ್ರವನ್ನು ನೋಡಿದವರಲ್ಲಿ ನಂಬಿಕೆಯ ಅಂಕ ಇಳಿಯಿತೆಂದು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಸುದ್ದಿ ಜಗತ್ತಿನಾದ್ಯಂತ ಹರಡಿತು. ಆದರೆ 2017ರಲ್ಲಿ ಬೇರೊಂದು ತಂಡ ಹೆಚ್ಚು ಜನರೊಂದಿಗೆ ಅದೇ ಪ್ರಯೋಗವನ್ನು ಮಾಡಿದಾಗ ಆ ಪರಿಣಾಮ ಕಾಣಿಸಲಿಲ್ಲ. 2018ರ ದೊಡ್ಡ ಮರುಪ್ರಯೋಗ ಯೋಜನೆಯಲ್ಲೂ ಅದು ನಿಲ್ಲಲಿಲ್ಲ. ಮೊದಲ ಸುದ್ದಿಯನ್ನು ಓದಿದವರಲ್ಲಿ ಬಹುಮಂದಿಗೆ ಈ ಎರಡನೆಯ ಸುದ್ದಿ ತಲುಪಿಲ್ಲವೆಂಬುದು ನನ್ನ ಕೊರಗು.

ಹಾಗೆಂದು ನಂಟು ಪೂರ್ತಿ ಸುಳ್ಳಲ್ಲ. ಸುಮಾರು 15,000 ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಸಹಸಂಬಂಧದ ಗುಣಾಂಕ (ಎರಡು ಸಂಗತಿಗಳ ನಂಟಿನ ಅಳತೆ: ಸೊನ್ನೆ ಎಂದರೆ ನಂಟಿಲ್ಲ, ಮೈನಸ್ 1 ಎಂದರೆ ಒಂದು ಏರಿದಂತೆ ಇನ್ನೊಂದು ತಪ್ಪದೆ ಇಳಿಯುತ್ತದೆ) ಮೈನಸ್ 0.18ರಷ್ಟು ಬಂತು. ಇದರ ಅರ್ಥ ಇಷ್ಟೇ: ಜನರ ನಂಬಿಕೆಗಳ ನಡುವೆ ಇರುವ ಒಟ್ಟು ವ್ಯತ್ಯಾಸದಲ್ಲಿ ನೂರಕ್ಕೆ ಸುಮಾರು ಮೂರು ಪಾಲನ್ನು ಮಾತ್ರ ಈ ಶೈಲಿಯೊಂದಿಗೆ ಹೊಂದಿಸಬಹುದು. 13 ದೇಶಗಳ 3,461 ಜನರನ್ನು ಒಳಗೊಂಡ 2018ರ ಅಧ್ಯಯನದಲ್ಲಿ, ಪ್ರತ್ಯೇಕವಾಗಿ ನೋಡಿದಾಗ ಈ ನಂಟು ಮೂರು ದೇಶಗಳಲ್ಲಿ ಮಾತ್ರ ಗಟ್ಟಿಯಾಗಿ ಕಂಡಿತು. ಆ ಅಧ್ಯಯನದ ಮುಂದಾಳು ಕೂಡ ಜೆರ್ವೇ ಅವರೇ. ತಮ್ಮದೇ ಹಿಂದಿನ ತೀರ್ಮಾನವನ್ನು ಬಹಿರಂಗವಾಗಿ ಒರೆಗೆ ಹಚ್ಚಿದ ಈ ಪ್ರಾಮಾಣಿಕತೆಯನ್ನು ನಾನು ಮನಸಾರೆ ಗೌರವಿಸುತ್ತೇನೆ. ಸಾವಿರಾರು ಜನರ ಸರಾಸರಿಯಲ್ಲಿ ಮಾತ್ರ ಮಸುಕಾಗಿ ಕಾಣುವ ಇಂತಹ ನಂಟನ್ನು ಹಿಡಿದು, ಎದುರಿಗೆ ಕುಳಿತ ಒಬ್ಬ ವ್ಯಕ್ತಿ ಏಕೆ ನಂಬುತ್ತಾನೆ ಎಂದು ಹೇಳಲು ಹೊರಡುವುದು ಸಲ್ಲದು.

ಇದಕ್ಕಿಂತ ಹೆಚ್ಚು ಕುತೂಹಲಕರವಾದದ್ದು, ಒಬ್ಬನೇ ಭಕ್ತನೊಳಗೆ ಎರಡೂ ಶೈಲಿಗಳು ಜೊತೆಯಾಗಿ ಕೆಲಸ ಮಾಡುವ ಬಗೆ. 1996ರಲ್ಲಿ ಜಸ್ಟಿನ್ ಬ್ಯಾರೆಟ್ ಮತ್ತು ಫ್ರಾಂಕ್ ಕೀಲ್ ನಡೆಸಿದ ಪ್ರಯೋಗಗಳಲ್ಲಿ, ದೇವರು ಎಲ್ಲ ಕಡೆ ಇದ್ದಾನೆ, ಎಷ್ಟೋ ಕೆಲಸಗಳನ್ನು ಏಕಕಾಲಕ್ಕೆ ಮಾಡಬಲ್ಲ ಎಂದು ನೇರ ಪ್ರಶ್ನೆಗೆ ಉತ್ತರಿಸಿದವರೇ, ದೇವರು ಬರುವ ಕಥೆಯೊಂದನ್ನು ಓದಿ ನೆನಪಿಸಿಕೊಳ್ಳುವಾಗ, ಆತ ಒಬ್ಬರ ಪ್ರಾರ್ಥನೆಗೆ ಓಗೊಟ್ಟು ಮುಗಿಸಿ ಅನಂತರ ಇನ್ನೊಬ್ಬರ ಕಡೆಗೆ ತಿರುಗಿದನೆಂಬಂತೆ ನೆನಪಿಸಿಕೊಂಡರು. ಕಥೆಯಲ್ಲಿ ಹಾಗೆ ಬರೆದಿರಲಿಲ್ಲ. ತಡೆದು ಯೋಚಿಸಿದಾಗ ಸರ್ವವ್ಯಾಪಿಯಾಗಿರುವ ದೇವರು, ಸರಾಗವಾಗಿ ಓದುವಾಗ ಮನುಷ್ಯನ ಅಳತೆಗೆ ಇಳಿಯುತ್ತಾನೆ. ಹಾಗಾದರೆ ಧರ್ಮಶಾಸ್ತ್ರಗಳ ಸೂಕ್ಷ್ಮ ಪರಿಕಲ್ಪನೆಗಳನ್ನು ಹಿಡಿದಿಟ್ಟುಕೊಳ್ಳಲು ಬೇಕಾದದ್ದು ವಿಶ್ಲೇಷಣೆಯ ಶ್ರಮವೇ ಹೌದು. ವಿಮರ್ಶೆಯ ಸಾಮರ್ಥ್ಯವನ್ನು ನಾಸ್ತಿಕರ ಸ್ವತ್ತೆಂದು ಭಾವಿಸುವವರಿಗೆ ಈ ಪ್ರಯೋಗವನ್ನು ನಾನು ತಪ್ಪದೆ ವಿವರಿಸುತ್ತೇನೆ.

ಹಾಗಾದರೆ ನಂಬಿಕೆ ಉಳಿಯುವುದನ್ನೂ ಅಳಿಯುವುದನ್ನೂ ಯಾವುದು ಹೆಚ್ಚು ತಿಳಿಸುತ್ತದೆ? 2021ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಚಿಂತನಾ ಶೈಲಿಗಿಂತ ಬಹಳ ಮುಂದೆ ನಿಂತದ್ದು ಬಾಲ್ಯದಲ್ಲಿ ಕಂಡ ಆಚರಣೆ: ಹಿರಿಯರು ತಮ್ಮ ನಂಬಿಕೆಗಾಗಿ ಸಮಯವನ್ನು, ಸುಖವನ್ನು, ಲಾಭವನ್ನು ಬಿಟ್ಟುಕೊಟ್ಟದ್ದನ್ನು ಮಗು ಕಣ್ಣಾರೆ ಕಂಡಿತ್ತೇ ಎಂಬುದು. ಬಾಯಿಮಾತಿನ ಬೋಧನೆ ಕೇಳಿ, ಅದಕ್ಕೆ ತಕ್ಕ ನಡತೆಯನ್ನು ಅಪರೂಪಕ್ಕೆ ಕಂಡ ಮಕ್ಕಳು ದೊಡ್ಡವರಾದಾಗ ನಂಬಿಕೆಯಿಂದ ದೂರವಾಗುವ ಸಂಭವ ಹೆಚ್ಚು.

ಆದ್ದರಿಂದ ಅಂತಹ ಕುಟುಂಬ ಬಂದಾಗ ನಾನು ವಾದದ ಸರಿತಪ್ಪುಗಳನ್ನು ಬದಿಗಿಟ್ಟು, ನೀವು ಚಿಕ್ಕವರಿದ್ದಾಗ ನಿಮ್ಮ ಮನೆಯಲ್ಲಿ ನಂಬಿಕೆ ಹೇಗೆ ಕಾಣಿಸುತ್ತಿತ್ತು ಎಂದು ಇಬ್ಬರನ್ನೂ ಒಬ್ಬೊಬ್ಬರಾಗಿ ಕೇಳುತ್ತೇನೆ. ಹಿರಿಯರು ತಮ್ಮ ತಾಯಿತಂದೆಯರ ನೆನಪಿಗೆ ಹೋಗುತ್ತಾರೆ. ಕಿರಿಯರು ಆ ಸಂಗತಿಗಳಲ್ಲಿ ಎಷ್ಟನ್ನೋ ಅಂದು ಮೊದಲ ಸಲ ಕೇಳುತ್ತಿರುತ್ತಾರೆ.